ತೆರಪು

ನನ್ನ ಬಿ.ಎ. ಪದವಿ ಪೋಸ್ಟ್‌ಮ್ಯಾನ್ ಸೈಕಲ್ಲಿನ ಮೇಲೆ ಬಂತು. 1982ರಿಂದ 1985ರವರೆಗೆ ನಂಜನಗೂಡಿನ ನಮ್ಮ ಅತ್ತೆಮನೆಯ ಜಗಲಿಗೆ ಕಂದು ಕಾಗದದ ಕಟ್ಟುಗಳು ಬುಕ್‌ಪೋಸ್ಟಿನಲ್ಲಿ ಬರುತ್ತಿದ್ದವು. ಎರಡೂ ತುದಿ ತೆರೆದ ಕಟ್ಟು, ಅಡ್ಡಡ್ಡ ಒಂದು ದಾರ, ಮೇಲೆ ಕಳಿಸಿದವರ ವಿಳಾಸ: ಮಾನಸಗಂಗೋತ್ರಿ, ಮೈಸೂರು 570 006. ಒಳಗೆ ಒರಟು ಕಾಗದದಲ್ಲಿ ಅಚ್ಚಾದ ಪಾಠಗಳು. ಬೆಳಿಗ್ಗೆ ಬಂದ ಕಟ್ಟನ್ನು ನಾನು ಬಿಚ್ಚುತ್ತಿದ್ದದ್ದು ರಾತ್ರಿ, ಪಾತ್ರೆ ತೊಳೆದು, ಒಲೆ ಸಾರಿಸಿ, ಮನೆಯವರೆಲ್ಲ ಮಲಗಿದ ಮೇಲೆ. ಆ ಓದಿಗೆ ಕನ್ನಡದಲ್ಲಿ ಒಂದು ಚೆಂದದ ಹೆಸರಿತ್ತು: ಅಂಚೆ ತೆರಪಿನ ಶಿಕ್ಷಣ.

ತೆರಪು ಅಂದರೆ ಬಿಡುವು. ಎರಡು ವಸ್ತುಗಳ ನಡುವೆ ಬಿಟ್ಟ ಜಾಗವೂ ತೆರಪೇ. ಸಸಿ ನೆಡುವವರು ಗಿಡಗಿಡಕ್ಕೂ ತೆರಪು ಕೊಡಿ ಅನ್ನುತ್ತಾರೆ. ಕೊಡದಿದ್ದರೆ ಒಂದರ ನೆರಳಿಗೆ ಇನ್ನೊಂದು ಸೊರಗುತ್ತದೆ. ಹೆಸರಿಟ್ಟವರು ಕೆಲಸದ ನಡುವಿನ ಬಿಡುವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೇನೋ. ಎರಡನೆಯ ಅರ್ಥ ನನಗೆ ಹೊಳೆದದ್ದು ನನ್ನ ಕಿರಿಯ ಮಗ ಓದಲು ಕೂತಾಗ.

ಅವನಿಗೆ ಆಟಿಸಂ ಇದೆ. ಅವನೂ ನನ್ನ ಹಾಗೆ ಕಾಲೇಜಿನ ಮೆಟ್ಟಿಲು ಹತ್ತದೆ ಪದವೀಧರನಾದ. ಹೆಸರು ಬರೆಯಬೇಡ ಎಂದಿದ್ದಾನೆ, ಬರೆಯುವುದಿಲ್ಲ. ಯಾವ ವಿಶ್ವವಿದ್ಯಾಲಯವೆಂದೂ ಬರೆಯುವುದಿಲ್ಲ. ಉಳಿದದ್ದನ್ನು ಓದಿ, ನಾನು ತಪ್ಪಾಗಿ ಬರೆದಿದ್ದ ಎರಡು ಇಸವಿಗಳನ್ನು ತಿದ್ದಿಕೊಟ್ಟಿದ್ದಾನೆ. ದೂರದಿಂದ ಓದುವ ಈ ದಾರಿಯ ಚರಿತ್ರೆಯನ್ನು ನಾನು ಹುಡುಕಿಕೊಂಡು ಹೋದದ್ದು ಅವನಿಗಾಗಿ. ಹುಡುಕುತ್ತ ಹೋದಂತೆ ಒಂದು ಸಂಗತಿ ಸ್ಪಷ್ಟವಾಯಿತು. ಈ ದಾರಿ ಕಡಿದವರ್ಯಾರೂ ಅವನಂಥವರನ್ನು ನೆನೆದಿರಲಿಲ್ಲ. ಆದರೂ ಅದು ಅವನ ಕಾಲಿಗೆ ಒಗ್ಗಿತು.

1840ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೆನ್ನಿ ನಾಣ್ಯಕ್ಕೆ ದೇಶದ ಯಾವ ಮೂಲೆಗಾದರೂ ಕಾಗದ ಕಳಿಸುವ ವ್ಯವಸ್ಥೆ ಬಂತು. ಅದೇ ವರ್ಷ ಬಾತ್ ಊರಿನ ಐಸಾಕ್ ಪಿಟ್‌ಮನ್ ತಾವು ರೂಪಿಸಿದ ಶೀಘ್ರಲಿಪಿಯನ್ನು ಅಂಚೆಯಲ್ಲಿ ಕಲಿಸತೊಡಗಿದರು. ಕಲಿಯುವವರು ಬೈಬಲ್ಲಿನ ವಾಕ್ಯಗಳನ್ನು ಶೀಘ್ರಲಿಪಿಗೆ ಇಳಿಸಿ ಕಳಿಸುವುದು, ಅವರು ತಿದ್ದಿ ಮರಳಿಸುವುದು. ಪಾಠಕ್ಕೆ ಉತ್ತರ, ಉತ್ತರಕ್ಕೆ ತಿದ್ದುಪಡಿ ಎಂಬ ಈ ಹೋಗಿಬರುವ ಕ್ರಮ ಇಂದಿಗೂ ದೂರಶಿಕ್ಷಣದ ಬೆನ್ನೆಲುಬು. 1858ರಲ್ಲಿ ಲಂಡನ್ ವಿಶ್ವವಿದ್ಯಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಯಾವ ಕಾಲೇಜಿನಲ್ಲೂ ಓದದವರು ಪರೀಕ್ಷೆಗೆ ಕೂತು ಪದವಿ ಪಡೆಯಬಹುದು. ಎಲ್ಲಿ ಕಲಿತೆ ಎಂದು ಕೇಳದೆ ಏನು ಕಲಿತೆ ಎಂದು ಕೇಳುವ ಪದ್ಧತಿ ಅಲ್ಲಿಂದ ಬೇರೂರಿತು. ನೂರು ವರ್ಷದ ಮೇಲೆ ರಾಬೆನ್ ದ್ವೀಪದ ಸೆರೆಮನೆಯಲ್ಲಿ ನೆಲ್ಸನ್ ಮಂಡೇಲಾ ಇದೇ ಲಂಡನ್ನಿನ ಕಾನೂನು ಪಾಠಗಳನ್ನು ಓದಿದರು. 1989ರಲ್ಲಿ ಅವರಿಗೆ ಕಾನೂನು ಪದವಿ ಕೊಟ್ಟದ್ದು ಅಂಚೆಯಲ್ಲೇ ಪಾಠ ನಡೆಸುತ್ತಿದ್ದ ದಕ್ಷಿಣ ಆಫ್ರಿಕಾ ವಿಶ್ವವಿದ್ಯಾಲಯ. ಆಗಲೂ ಅವರು ಸೆರೆಯಲ್ಲೇ ಇದ್ದರು.

ನಮ್ಮ ಮೈಸೂರಿನಲ್ಲಿ ಈ ಬೀಜ ಬೇರೆ ರೀತಿ ಬಿತ್ತು. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯದ ಅಧ್ಯಾಪಕರು ಹಳ್ಳಿಗಳಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಟ್ಟು, ಅವನ್ನು ಪುಟ್ಟ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಹಂಚಿದರು. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದರು. ಆಕಾಶವಾಣಿ ಎಂಬ ಹೆಸರು ಅಲ್ಲಿಂದ ಬಂತು. ಮನಸ್ಸನ್ನು ಅಧ್ಯಯನ ಮಾಡುವ ಮೇಷ್ಟ್ರೊಬ್ಬರು, ತರಗತಿಗೆ ಬಾರದವರ ಕಿವಿಗೂ ಮಾತು ಮುಟ್ಟುವಂತೆ ಸ್ವಂತ ಮನೆಯಿಂದ ಪ್ರಸಾರ ಮಾಡಿದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಕುವೆಂಪು ಕುಲಪತಿಗಳಾಗಿದ್ದಾಗ ಕುಕ್ಕರಹಳ್ಳಿ ಕೆರೆಯ ಆಚೆ ಎದ್ದ ಹೊಸ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ನನ್ನ ಪಾಠದ ಕಟ್ಟಿನ ಮೇಲಿದ್ದದ್ದು ಆ ಹೆಸರೇ.

ಸ್ವತಂತ್ರ ಭಾರತದಲ್ಲಿ ಅಂಚೆಯ ಪದವಿ ಮೊದಲು ಬಂದದ್ದು ದಿಲ್ಲಿಗೆ. ಡಿ.ಎಸ್. ಕೊಠಾರಿ ಅವರ ಸಮಿತಿಯ ಸಲಹೆಯಂತೆ 1962ರಲ್ಲಿ ದಿಲ್ಲಿ ವಿಶ್ವವಿದ್ಯಾಲಯ ಅಂಚೆ ಶಿಕ್ಷಣದ ಶಾಲೆ ತೆರೆಯಿತು. ಓದಬೇಕೆನ್ನುವವರು ಹೆಚ್ಚಿದ್ದರು, ಸೀಟುಗಳು ಕಡಿಮೆ ಇದ್ದವು. ಹಗಲು ಕಚೇರಿಯಲ್ಲಿ ದುಡಿಯುವ ಗುಮಾಸ್ತರು, ಮನೆಯಿಂದ ಹೊರಡಲಾಗದ ಹೆಂಗಸರು, ಎರಡು ಹೊತ್ತಿನ ಬಸ್ಸಷ್ಟೇ ಬರುವ ಊರಿನವರು, ಇವರೆಲ್ಲರಿಗೆ ಅದು ದಾರಿ. ಮೈಸೂರು 1969ರಲ್ಲಿ ತನ್ನ ಅಂಚೆ ಶಿಕ್ಷಣ ಸಂಸ್ಥೆ ತೆರೆಯಿತು. ಅದೇ 1969ರಲ್ಲಿ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯಕ್ಕೆ ರಾಜಮುದ್ರೆ ಬಿತ್ತು. ಹೆರಾಲ್ಡ್ ವಿಲ್ಸನ್ ಸರ್ಕಾರದಲ್ಲಿ ಅದನ್ನು ಹಟಹಿಡಿದು ಕಟ್ಟಿಸಿದವರು ಗಣಿ ಕಾರ್ಮಿಕನ ಮಗಳಾದ ಸಚಿವೆ ಜೆನ್ನಿ ಲೀ. 1971ರ ಜನವರಿಯಲ್ಲಿ ಪಾಠ ಶುರುವಾದಾಗ ಅಲ್ಲಿ ಸೇರಲು ಹಿಂದಿನ ಯಾವ ಅಂಕಪಟ್ಟಿಯೂ ಬೇಕಿರಲಿಲ್ಲ. ಭಾರತದ ಮೊದಲ ಮುಕ್ತ ವಿಶ್ವವಿದ್ಯಾಲಯ 1982ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿತು. ಈಗ ಅದಕ್ಕೆ ಅಂಬೇಡ್ಕರರ ಹೆಸರಿದೆ. ಅದನ್ನು ಕಟ್ಟಿದ ಜಿ. ರಾಮರೆಡ್ಡಿ ಅವರೇ 1985ರಲ್ಲಿ ಸಂಸತ್ತಿನ ಕಾಯ್ದೆಯಿಂದ ಬಂದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯಕ್ಕೂ ಮೊದಲ ಕುಲಪತಿಯಾದರು. ಮೈಸೂರಿನ ಅಂಚೆ ಸಂಸ್ಥೆ 1996ರ ಜೂನ್ 1ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಅದರ ಆವರಣ ಮುಕ್ತಗಂಗೋತ್ರಿ.

ಇಷ್ಟು ಇಸವಿಗಳ ನಡುವೆ ನನ್ನದೂ ಒಂದಿದೆ. 1981ರಲ್ಲಿ, ಪಿಯುಸಿ ಮುಗಿದ ಬೇಸಿಗೆಯಲ್ಲಿ, ನನ್ನ ಮದುವೆಯಾಯಿತು. ಓದು ಮುಂದುವರಿಸಬೇಕೆಂದು ಕೇಳಿದಾಗ ಮಾವನವರು ಕೋಪಿಸಿಕೊಳ್ಳಲಿಲ್ಲ. 'ಮನೇಲೇ ಕೂತು ಓದಬಹುದಲ್ಲ' ಎಂದರು. ಮೈಸೂರು ಹದಿನೈದು ಮೈಲಿ. ದಿನಾ ರೈಲಿತ್ತು. ಆದರೆ ಸೊಸೆ ಹೊಸ್ತಿಲು ದಾಟದೆ ಪದವಿ ಬರುವುದಾದರೆ ಯಾರಿಗೂ ತೊಂದರೆಯಿಲ್ಲ. ನನಗೆ ಆ ಮಾತು ವರವಾಗಿ ಕೇಳಿತು, ಕಣ್ಣಲ್ಲಿ ನೀರು ಬಂತು. ಅದರೊಳಗೆ ಇನ್ನೊಂದು ಅರ್ಥ ಇತ್ತೆಂದು ತಿಳಿಯಲು ಮೂವತ್ತೇಳು ವರ್ಷ ಬೇಕಾಯಿತು.

ವರ್ಷಕ್ಕೊಮ್ಮೆ ಸಂಪರ್ಕ ತರಗತಿಗಳು ಇರುತ್ತಿದ್ದವು. ಆ ದಿನಗಳಲ್ಲಿ ಮಾತ್ರ ನಾನು ಮೀಟರ್ ಗೇಜ್ ರೈಲು ಹತ್ತಿ, ಕಪಿಲೆಯ ಹಳೆಯ ಸೇತುವೆ ದಾಟಿ ಮೈಸೂರಿಗೆ ಹೋಗುತ್ತಿದ್ದೆ. ನನ್ನ ಬೆಂಚಿನಲ್ಲಿ ಒಬ್ಬ ಬಸ್ ಕಂಡಕ್ಟರ್, ಒಬ್ಬ ಪ್ರೈಮರಿ ಶಾಲೆಯ ಟೀಚರು, ಮಡಿಲಲ್ಲಿ ಕೂಸು ಮಲಗಿಸಿಕೊಂಡ ಒಬ್ಬ ತಾಯಿ. ಕಂಡಕ್ಟರಿನ ಹೆಬ್ಬೆರಳ ತುದಿ ಟಿಕೆಟ್ಟಿನ ಶಾಯಿಯಿಂದ ನೇರಳೆಯಾಗಿತ್ತು. ಮೇಷ್ಟ್ರು ಫ್ರೆಂಚ್ ಕ್ರಾಂತಿ ಹೇಳುವಾಗ ಅವರು ಕಣ್ಣೆವೆ ಮುಚ್ಚದೆ ಕೇಳುತ್ತಿದ್ದರು. ಮೂವರಿಗೂ ಒಂದೊಂದು ಅಡ್ಡಿ. ಅಡ್ಡಿ ಕಣ್ಣಿಗೆ ಕಾಣುವಂಥದ್ದು, ಹೆಸರು ಹೇಳಿದರೆ ಯಾರಿಗಾದರೂ ತಿಳಿಯುವಂಥದ್ದು. ಅಂಚೆಯ ಶಿಕ್ಷಣ ಕಟ್ಟಿದವರು ಲೆಕ್ಕ ಹಾಕಿದ್ದು ಇಂಥ ಅಡ್ಡಿಗಳನ್ನು.

ನನ್ನ ಮಗ ಹುಟ್ಟಿದ್ದು 1996ರಲ್ಲಿ. ನಾಲ್ಕು ವರ್ಷವಾದರೂ ಅಮ್ಮ ಎನ್ನಲಿಲ್ಲ. ರೈಲಿನ ಸಿಳ್ಳೆ ಕೇಳಿದರೆ ಯಾವ ಹೊತ್ತಿನ ಗಾಡಿ ಎಂದು ಬೆರಳಲ್ಲಿ ಗಡಿಯಾರ ತೋರಿಸುತ್ತಿದ್ದ. ಯಾರೋ ಕಿವುಡಿರಬಹುದು ಎಂದರು. 2000ದಲ್ಲಿ ಅವನನ್ನು ಎತ್ತಿಕೊಂಡು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆವು. 1965ರಲ್ಲಿ ಶುರುವಾದ ಆ ಸಂಸ್ಥೆಯ ವಿಳಾಸವೂ ಮೈಸೂರು 570 006. ಚೀಟಿಯ ಮೇಲೆ ಆ ಆರು ಅಂಕಿ ನೋಡಿದಾಗ ನನ್ನ ಕಂದು ಕಟ್ಟುಗಳು ನೆನಪಾದವು. ಕಿವಿ ಚೆನ್ನಾಗಿದೆ ಎಂದರು. ಬೇರೆಬೇರೆ ದಿನ ಕರೆಸಿ ಅವನೊಡನೆ ಆಡಿ, ನೋಡಿ, ನಮ್ಮನ್ನು ಕೂರಿಸಿಕೊಂಡು ಆಟಿಸಂ ಎಂದರು. ಕನ್ನಡದಲ್ಲಿ ಸ್ವಲೀನತೆ ಎಂದು ಬರೆಯುತ್ತಾರೆ, ತನ್ನಲ್ಲೇ ಲೀನವಾದವನು ಎಂದರ್ಥ. ಆ ಪದ ನನಗೆ ಎಂದೂ ಒಗ್ಗಲಿಲ್ಲ. ಅವನು ತನ್ನೊಳಗೆ ಮುಳುಗಿದವನಲ್ಲ. ಹೊರಗಿನ ಲೋಕ ಅವನ ಕಿವಿಗೆ, ಚರ್ಮಕ್ಕೆ, ಕಣ್ಣಿಗೆ ನಮಗಿಂತ ಹತ್ತುಪಟ್ಟು ಜೋರಾಗಿ ಬಂದು ಬಡಿಯುತ್ತದೆ. ಮಿಕ್ಸಿ ತಿರುಗಿಸುವ ಮುಂಚೆ ನಾನು ಇಂದಿಗೂ ಹೇಳಿಯೇ ತಿರುಗಿಸುವುದು.

ಆಟಿಸಂ ಎಂಬ ಸ್ಥಿತಿಯನ್ನು ವಿವರವಾಗಿ ಜಗತ್ತಿನ ಮುಂದಿಟ್ಟ ಬರಹ ಅಮೆರಿಕದ ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್ ಅವರದು, 1943ರಲ್ಲಿ. ಹನ್ನೊಂದು ಮಕ್ಕಳ ವೃತ್ತಾಂತ. ಮರುವರ್ಷ ವಿಯೆನ್ನಾದ ಹ್ಯಾನ್ಸ್ ಆಸ್ಪರ್ಗರ್ ಬರೆದರು. ಆಮೇಲೆ ಸುಮಾರು ಎರಡು ದಶಕ ತಾಯಂದಿರ ಪಾಲಿಗೆ ಕೆಟ್ಟ ಕಾಲ: ತಾಯಿಯ ಪ್ರೀತಿ ತಣ್ಣಗಿದ್ದದ್ದರಿಂದ ಮಗು ಹೀಗಾಯಿತು ಎಂದು ದೊಡ್ಡ ದೊಡ್ಡವರು ಬರೆದರು. 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞ, ಸ್ವತಃ ಇಂಥ ಮಗುವಿನ ತಂದೆ, ಅದು ಹುಟ್ಟಿನಿಂದ ಬಂದದ್ದು, ಸಾಕಿದ ರೀತಿಯಿಂದಲ್ಲ ಎಂದು ಪುಸ್ತಕ ಬರೆದು ವಾದಿಸಿದರು. ಆ ಪುಸ್ತಕ ಬಂದು ಮೂವತ್ತಾರು ವರ್ಷವಾದ ಮೇಲೂ, ಕೋಆಪರೇಟಿವ್ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ನನಗೆ, 'ನೀನು ಕೆಲಸಕ್ಕೆ ಹೋಗಿ ಮಗು ಹೀಗಾಯಿತು' ಎಂದು ನೆಂಟರು ಹೇಳಿದ್ದರು.

ಕ್ಯಾನರ್ ಬರಹದ ಮೊದಲ ಮಗುವಿನ ಕತೆಯನ್ನು ನಾನು ಎಲ್ಲ ತಂದೆತಾಯಿಗಳಿಗೂ ಹೇಳುತ್ತೇನೆ. ಆ ಹುಡುಗ ಡೊನಾಲ್ಡ್ ಟ್ರಿಪ್ಲೆಟ್, ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನವರು. ಅವರು ಹತ್ತಿರದ ಜಾಕ್ಸನ್ ನಗರದ ಮಿಲ್ಸ್ಯಾಪ್ಸ್ ಕಾಲೇಜಿನಲ್ಲಿ ಓದಿ 1958ರಲ್ಲಿ ಪದವಿ ಪಡೆದರು, ಫ್ರೆಂಚ್ ಭಾಷೆ ಅವರ ವಿಷಯ. ಊರಿಗೆ ಮರಳಿ ಬ್ಯಾಂಕಿನಲ್ಲಿ ದುಡಿದರು, ಗಾಲ್ಫ್ ಆಡಿದರು, ಹತ್ತಾರು ದೇಶ ಸುತ್ತಿದರು, 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡರು. ಆಟಿಸಂ ಇದ್ದವರು ಪದವೀಧರರಾಗಬಲ್ಲರೇ ಎಂಬ ಪ್ರಶ್ನೆಗೆ ಉತ್ತರ ನಾನು ಹುಟ್ಟುವ ಮೊದಲೇ ಸಿಕ್ಕಿತ್ತು. ಅವರ ಮನೆಯವರು ಸ್ಥಿತಿವಂತರು, ಅದು ನಿಜ. ಆದರೆ ಊರು ಅವರನ್ನು ಅರಿತಿತ್ತು. ಅವರಿದ್ದ ಹಾಗೆ ಇರಲು ಬಿಟ್ಟಿತ್ತು. ಅದಕ್ಕೆ ನನ್ನ ಭಾಷೆಯಲ್ಲಿ ತೆರಪು ಎನ್ನುತ್ತೇನೆ.

ನಮ್ಮ ಕಾನೂನಿಗೆ ಆ ತೆರಪು ಬರಲು ಕಾಲ ಹಿಡಿಯಿತು. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿತು, ಅದರಲ್ಲಿ ಆಟಿಸಂ ಇರಲಿಲ್ಲ. ದಿಲ್ಲಿಯಲ್ಲಿ 1991ರಲ್ಲಿ ಮೆರ್ರಿ ಬರುವಾ ಎಂಬ ತಾಯಿ ಕಟ್ಟಿದ ಆಕ್ಷನ್ ಫಾರ್ ಆಟಿಸಂ ಮತ್ತು ಅಂಥ ಇತರ ಪೋಷಕರು ವರ್ಷಗಟ್ಟಲೆ ಬಾಗಿಲು ಬಡಿದರು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಆ ಪದ ಬಂತು, ಆದರೆ ಮೀಸಲಾತಿಯ ಹಕ್ಕು ಬರಲಿಲ್ಲ. ಸರ್ಟಿಫಿಕೇಟು ಬೇಕಾದ ಎಷ್ಟೋ ಮಕ್ಕಳ ಕಾಗದದಲ್ಲಿ ಬುದ್ಧಿಮಾಂದ್ಯ ಎಂದು ಬರೆಸಿಕೊಳ್ಳಬೇಕಾಯಿತು. ಕೊನೆಗೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಸೇರಿಸಿತು. ಶೇಕಡ 40 ಅಥವಾ ಹೆಚ್ಚು ವೈಕಲ್ಯ ಇದ್ದವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡ 5 ಸೀಟು, ವಯಸ್ಸಿನಲ್ಲಿ 5 ವರ್ಷ ಸಡಿಲಿಕೆ. ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಆಗ ನನ್ನ ಮಗನಿಗೆ ಇಪ್ಪತ್ತೊಂದು ತುಂಬುತ್ತಿತ್ತು.

ಅಷ್ಟರಲ್ಲಿ ಅವನು ಶಾಲೆ ಬಿಟ್ಟು ಬಹಳ ವರ್ಷವಾಗಿತ್ತು. ಏಳನೇ ತರಗತಿಯವರೆಗೆ ಹೇಗೋ ಹೋದ. ಬೆಳಗಿನ ಪ್ರಾರ್ಥನೆಯ ಮೈಕು, ಸೋಮವಾರಕ್ಕೊಮ್ಮೆ ಬೆಂಚು ಬದಲಿಸುವ ಪದ್ಧತಿ, ಮೇಷ್ಟ್ರು ರಜೆ ಹಾಕಿದರೆ ಹೇಳದೆ ಕೇಳದೆ ಬೇರೆ ಪಾಠ. ಪಾಠ ಅವನಿಗೆ ಭಾರವಾಗಿರಲಿಲ್ಲ. ಪಾಠದ ಸುತ್ತಲಿನದೆಲ್ಲ ಭಾರವಾಗಿತ್ತು. ಒಂದು ದಿನ ಮೇಜಿನ ಕೆಳಗೆ ಕೂತವನು ಮಧ್ಯಾಹ್ನದವರೆಗೆ ಹೊರಬರಲಿಲ್ಲ. ಮರುದಿನದಿಂದ ಕಳಿಸಲಿಲ್ಲ.

ಅವನನ್ನು ಹಿಡಿದದ್ದು ರಾಷ್ಟ್ರೀಯ ಮುಕ್ತ ಶಾಲೆ. 1979ರಲ್ಲಿ ಸಿ.ಬಿ.ಎಸ್.ಇ.ಯ ಒಂದು ಪ್ರಯೋಗವಾಗಿ ಶುರುವಾಗಿ, 1989ರಲ್ಲಿ ಸ್ವತಂತ್ರ ಸಂಸ್ಥೆಯಾಗಿ, 2002ರಲ್ಲಿ ಈಗಿನ ಹೆಸರು ಪಡೆದ ಈ ಎನ್.ಐ.ಓ.ಎಸ್. ಇಲ್ಲದಿದ್ದರೆ ನಮ್ಮಂಥ ಎಷ್ಟೋ ಮನೆಗಳ ಕತೆ ಏಳನೇ ತರಗತಿಗೇ ಮುಗಿಯುತ್ತಿತ್ತು. ಅದರ ನಿಯಮ ಸರಳ. ಐದು ವಿಷಯ ಆರಿಸಿಕೋ, ಅದರಲ್ಲಿ ಒಂದಾದರೂ ಭಾಷೆ ಇರಲಿ. ಐದು ವರ್ಷದ ಅವಧಿ, ಒಂಬತ್ತು ಅವಕಾಶ. ಒಂದೊಂದೇ ವಿಷಯ ಬರೆದು ಪಾಸು ಮಾಡಿಕೊಳ್ಳಬಹುದು, ಪಾಸಾದದ್ದು ಹಾಗೇ ಕೂಡಿಟ್ಟಿರುತ್ತದೆ. ಅವನು ಹತ್ತನೇ ತರಗತಿಗೆ ಮೂರು ವರ್ಷ, ಹನ್ನೆರಡಕ್ಕೆ ಮೂರು ವರ್ಷ ತೆಗೆದುಕೊಂಡ. ಯಾರೂ ಅದನ್ನು ಫೇಲು ಎನ್ನಲಿಲ್ಲ. ನಾನು ಕೂತು ಲೆಕ್ಕ ಹಾಕಿದೆ: ಅವನು ಬರೆದ ಪರೀಕ್ಷೆಗಳು ಬೇರೆ ಮಕ್ಕಳಷ್ಟೇ, ನಡುವೆ ಬಿಟ್ಟ ಜಾಗ ಮಾತ್ರ ಹೆಚ್ಚು.

ಪದವಿಯಲ್ಲೂ ಹಾಗೆಯೇ. ಮೂರು ವರ್ಷದ ಬಿ.ಎ.ಯನ್ನು ಆರು ವರ್ಷದವರೆಗೆ ಎಳೆಯಬಹುದು. ಒಂದು ಕ್ರೆಡಿಟ್ ಅಂದರೆ 30 ಗಂಟೆಯ ಓದು. ಆ ಮೂವತ್ತು ಗಂಟೆಯನ್ನು ಯಾವ ಹೊತ್ತಿನಲ್ಲಿ ಓದಿದೆ ಎಂದು ಕೇಳುವವರಿಲ್ಲ. ಅವನು ಓದುತ್ತಿದ್ದದ್ದು ಬೆಳಗಿನ ಜಾವ 4ರಿಂದ 7, ಬೀದಿಯಲ್ಲಿ ಹಾಲಿನ ಗಾಡಿ ಬರುವ ಮುಂಚಿನ ನಿಶ್ಶಬ್ದದಲ್ಲಿ. ಆರಿಸಿಕೊಂಡದ್ದು ಇತಿಹಾಸ. ಕಾರಣ ನಂಜನಗೂಡಿನ ಸೇತುವೆ. ಕಪಿಲೆಯ ಮೇಲಿನ ಆ ಕಲ್ಲುಸೇತುವೆ 1735ರದ್ದು, ರೈಲಿಗಿಂತ ನೂರಕ್ಕೂ ಹೆಚ್ಚು ವರ್ಷ ಹಳೆಯದು. ಹಾಗಿದ್ದ ಮೇಲೆ ಅದರ ಮೇಲೆ ರೈಲು ಹೇಗೆ ಓಡಿತು ಎಂದು ಹತ್ತನೇ ವಯಸ್ಸಿನಲ್ಲಿ ಕೇಳಿದ್ದ. ಆ ಪ್ರಶ್ನೆ ಅವನನ್ನು ಬಿಟ್ಟಿರಲಿಲ್ಲ.

ಪುಸ್ತಕಗಳು ಬಂದಾಗ ನನಗೆ ಒಂದು ಗುಟ್ಟು ತಿಳಿಯಿತು. ಮುಕ್ತ ವಿಶ್ವವಿದ್ಯಾಲಯಗಳ ಪಠ್ಯಕ್ಕೆ ಒಂದು ಕಟ್ಟುನಿಟ್ಟಾದ ಮೈಕಟ್ಟಿದೆ. ಬ್ಲಾಕು, ಬ್ಲಾಕಿನೊಳಗೆ ಘಟಕ, ಘಟಕದ ಮೊದಲಿಗೆ ಉದ್ದೇಶಗಳು, ಆಮೇಲೆ ಪೀಠಿಕೆ, ಎರಡು ಮೂರು ಪುಟಕ್ಕೊಮ್ಮೆ ನಿಮ್ಮ ಪ್ರಗತಿ ಪರೀಕ್ಷಿಸಿಕೊಳ್ಳಿ ಎಂಬ ಪೆಟ್ಟಿಗೆ, ಕೊನೆಗೆ ಸಾರಾಂಶ, ಉತ್ತರಗಳು. ಪ್ರತಿಯೊಂದಕ್ಕೂ ಅಂಕಿ. ಎದುರಿಗೆ ಮೇಷ್ಟ್ರಿಲ್ಲದ ಕಾರಣ ಪುಸ್ತಕವೇ ಮೇಷ್ಟ್ರಾಗಬೇಕು ಎಂದು ಬರವಣಿಗೆಯ ಈ ಕ್ರಮವನ್ನು ರೂಪಿಸಿದರು. ಆದರೆ ಮುಂದೇನು ಬರುತ್ತದೆ ಎಂದು ತಿಳಿಯದಿದ್ದರೆ ಕಂಗೆಡುವ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಎಲ್ಲಿ ಸಿಗುತ್ತಾರೆ? ಅವನು ಕ್ಯಾಲೆಂಡರಿನ ಹಿಂಬದಿಯಲ್ಲಿ ಎಲ್ಲ ಘಟಕಗಳ ಪಟ್ಟಿ ಬರೆದು ಗೋಡೆಗೆ ಅಂಟಿಸಿದ, ಮುಗಿದದ್ದಕ್ಕೆ ಹಸಿರು ಪೆನ್ಸಿಲು. ಶಾಲೆಯಲ್ಲಿ ಮೇಜಿನ ಕೆಳಗೆ ಕೂತಿದ್ದವನು ಆ ಗೋಡೆಯ ಮುಂದೆ ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಿದ್ದ.

ಪರೀಕ್ಷೆ ಮಾತ್ರ ಮನೆಗೆ ಬರುವುದಿಲ್ಲ. ದೂರದ ಓದಿನ ಕೊನೆಯ ಮೈಲಿ ಎಂದಿಗೂ ಒಂದು ಹಾಲಿನಲ್ಲೇ ಮುಗಿಯುತ್ತದೆ. 2013ರ ಕೇಂದ್ರ ಸರ್ಕಾರದ ಮಾರ್ಗಸೂಚಿ, ಆಮೇಲೆ 2018ರ ಪರಿಷ್ಕೃತ ಮಾರ್ಗಸೂಚಿ, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಟ್ಟಿವೆ. ಮೂರು ಗಂಟೆಯ ಪರೀಕ್ಷೆ ನಾಲ್ಕು ಗಂಟೆ. ಅವನು ಬರೆಯುವುದು ನಿಧಾನ. ಒಂದೊಂದು ಅಕ್ಷರವನ್ನೂ ಕೆತ್ತುತ್ತಾನೆ; ತನ್ನ ಹೆಸರು ಬರೆಯಲೇ ಅವನಿಗೆ ಅರ್ಧ ನಿಮಿಷ ಬೇಕು. ಮೊದಲ ಪರೀಕ್ಷೆಯ ದಿನ ಅನುಮತಿಯ ಪತ್ರ ಕೊಟ್ಟು ನಾನು ಹೊರಗೆ ಹೊಂಗೆ ಮರದ ಕೆಳಗೆ ಕೂತೆ. ಮೂರು ಗಂಟೆಯಾದಾಗ ಬೆಲ್ಲು ಹೊಡೆಯಿತು. ಮೇಲ್ವಿಚಾರಕರಿಗೆ ಪತ್ರದ ವಿಷಯ ತಲುಪಿರಲಿಲ್ಲ. ಉತ್ತರಪತ್ರಿಕೆಗೆ ಕೈ ಹಾಕಿದರು. ಅವನು ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ಮುಖ ಮಾಡಿ ನಿಂತ. ಎರಡು ಪ್ರಶ್ನೆ ಬಾಕಿ ಇತ್ತು, ಉತ್ತರ ಗೊತ್ತಿತ್ತು. ಆ ದಿನ ಮನೆಗೆ ನಡೆದೇ ಬಂದೆವು, ಆಟೋದ ಸದ್ದೂ ಅವನಿಗೆ ಬೇಡವಾಗಿತ್ತು.

ಮುಂದಿನ ಪರೀಕ್ಷೆಗೆ ಅದೇ ಕೇಂದ್ರದ ಒಬ್ಬ ಹಿರಿಯ ಅಟೆಂಡರ್ ತಾವಾಗಿ ಬಂದು, 'ಅಮ್ಮಾ, ಹಿಂದಿನ ಸ್ಟಾಫ್ ರೂಮಿನಲ್ಲಿ ಬೆಲ್ ಕೇಳಿಸಲ್ಲ' ಎಂದರು. ಅನುಮತಿ ಕೊಡಿಸಿ, ಕಸ ಗುಡಿಸಿ, ಮೇಜು ಹಾಕಿ, ಮಿಣುಕುತ್ತಿದ್ದ ಟ್ಯೂಬ್‌ಲೈಟು ಆರಿಸಿ ಕಿಟಕಿ ತೆಗೆದರು. ಅಲ್ಲಿಂದ ಆರು ವರ್ಷ, ಪ್ರತಿ ಪತ್ರಿಕೆಯನ್ನೂ ಅವನು ಆ ಕೋಣೆಯಲ್ಲೇ ಬರೆದ. ಆ ವ್ಯವಸ್ಥೆಗೆ ಬೇಕಾದದ್ದು ಒಂದು ಕೀಲಿಕೈ ಮತ್ತು ಕೇಳಿಸಿಕೊಳ್ಳುವ ಒಬ್ಬ ಮನುಷ್ಯ.

ಇನ್ನು ಆ ಇನ್ನೊಂದು ಅರ್ಥದ ಮಾತು. 2018ರಲ್ಲಿ, ಬಿ.ಎ.ಗೆ ಸೇರಿಸುವ ಮೊದಲು, ಮನೆಗೆ ಹತ್ತಿರದ ಒಂದು ಕಾಲೇಜಿಗೆ ಅವನನ್ನು ಕರೆದುಕೊಂಡು ಹೋಗಿದ್ದೆ. ಅವನೇ ಕೇಳಿದ್ದ: ಲೈಬ್ರರಿ ಇರುವ ಕಾಲೇಜು ನೋಡಬೇಕು ಎಂದು. ಹೊಸ ಕಾಯ್ದೆಯ ಪ್ರತಿ ಹಿಡಿದುಕೊಂಡೇ ಹೋಗಿದ್ದೆ. ಅಲ್ಲಿ ಕುರ್ಚಿಯಲ್ಲಿದ್ದವರು ಸಜ್ಜನರು, ನೀರು ತರಿಸಿಕೊಟ್ಟರು. ಅವನ ಕಡೆ ಒಮ್ಮೆ ನೋಡಿ ನನಗೆ ಹೇಳಿದರು: 'ಮನೇಲೇ ಕೂತು ಓದಬಹುದಲ್ಲ.'

ಮೂವತ್ತೇಳು ವರ್ಷದ ಹಿಂದೆ ನನ್ನ ಮಾವನವರು ಹೇಳಿದ ಮಾತು, ಅಕ್ಷರ ಬಿಡದ ಹಾಗೆ. ಆಗ ಅದು ನನಗೆ ದಯೆಯಾಗಿ ಕೇಳಿತ್ತು. ಈಗ ಅದರ ಬೆನ್ನು ಕಾಣಿಸಿತು. ಅಂಚೆಯ ಓದು ನನಗೆ ಪದವಿ ಕೊಟ್ಟಿತು. ಜೊತೆಗೆ ಸೊಸೆಯನ್ನು ಕಾಲೇಜಿಗೆ ಕಳಿಸುವ ಹೊಣೆಯಿಂದ ಮನೆಯನ್ನು ಪಾರು ಮಾಡಿತು. ಮಗನಿಗೂ ಅದು ಪದವಿ ಕೊಡಲಿತ್ತು. ಜೊತೆಗೆ ಕಾಯ್ದೆ ಹೊರಿಸಿದ ಹೊಣೆಯಿಂದ ಆ ಕಾಲೇಜನ್ನು ಪಾರು ಮಾಡಿತು. ದೂರಶಿಕ್ಷಣದ ಚರಿತ್ರೆಯಲ್ಲಿ ಇವೆರಡೂ ಒಟ್ಟಿಗೇ ಹರಿದುಬಂದಿವೆ. ಬೇಕೆಂದು ಆರಿಸಿಕೊಂಡರೆ ಅದು ತೆರಪು. ಬೇರೆ ದಾರಿ ಮುಚ್ಚಿ ಅತ್ತ ತಳ್ಳಿದರೆ ಅದು ಗಡೀಪಾರು. ಪುಸ್ತಕ ಅದೇ, ಪರೀಕ್ಷೆ ಅದೇ, ಪದವಿಯೂ ಅದೇ.

ಮನೆಯಲ್ಲಿ ಓದುವವನ ಹಿಂದೆ ಮನೆಯವರೊಬ್ಬರು ಇರಲೇಬೇಕು ಎಂಬುದನ್ನೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಸೈನ್‌ಮೆಂಟಿನ ಕೊನೆಯ ದಿನಾಂಕ, ಹಾಲ್ ಟಿಕೆಟ್ಟು, ಅನುಮತಿ ಪತ್ರ, ಸೇರುವ ವಿಶ್ವವಿದ್ಯಾಲಯ ಯು.ಜಿ.ಸಿ.ಯ ಮಾನ್ಯತೆಯ ಪಟ್ಟಿಯಲ್ಲಿ ಆ ವರ್ಷ ಇದೆಯೇ ಎಂದು ನೋಡುವುದು. ನಮ್ಮ ರಾಜ್ಯದ ಮುಕ್ತ ವಿಶ್ವವಿದ್ಯಾಲಯಕ್ಕೇ ಕೆಲವು ವರ್ಷ ಮಾನ್ಯತೆ ಇಲ್ಲದೆ, 2018ರಲ್ಲಿ ಮರಳಿ ಸಿಕ್ಕಿದ್ದು ಎಲ್ಲರಿಗೂ ನೆನಪಿದೆ. ಇದೆಲ್ಲ ನೋಡಿಕೊಳ್ಳಲು ನಾನು ನಾಲ್ಕು ವರ್ಷ ಮೊದಲೇ ನಿವೃತ್ತಿ ತೆಗೆದುಕೊಂಡೆ. ಅಂಥ ತಾಯಿಯಿಲ್ಲದ, ಅಂಥ ಸಂಬಳವಿಲ್ಲದ ಮನೆಯ ಹುಡುಗ ಏನು ಮಾಡಬೇಕು? ಇಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ ಓದಬೇಕೆನ್ನುವ ಆಟಿಸಂ ಇರುವ ಹುಡುಗಿಗೆ ದೂರಶಿಕ್ಷಣದ ದಾರಿಯೇ ಇಲ್ಲ. ಅವಳಿಗೆ ಕಾಲೇಜೇ ಬದಲಾಗಬೇಕು.

ಬದಲಾಗಲು ಕಷ್ಟವೇನೂ ಇಲ್ಲವೆಂದು 2020ರಲ್ಲಿ ನೋಡಿದೆವು. ಕೊರೋನಾ ಬಂದು ಕೆಲವೇ ವಾರಗಳಲ್ಲಿ ಎಲ್ಲ ಕಾಲೇಜುಗಳೂ ಪಾಠವನ್ನು ಮನೆಗೆ ಕಳಿಸಿದವು. ಉಪನ್ಯಾಸದ ರೆಕಾರ್ಡು, ಬರೆದುಕೊಟ್ಟ ಟಿಪ್ಪಣಿ, ತಡವಾದರೂ ಒಪ್ಪಿಕೊಳ್ಳುವ ಅಸೈನ್‌ಮೆಂಟು. 2022ರಲ್ಲಿ ಯು.ಜಿ.ಸಿ., ಮಾನ್ಯತೆ ಇರುವ ದೂರಶಿಕ್ಷಣದ ಪದವಿ ಕಾಲೇಜಿನ ಪದವಿಗೆ ಸಮ ಎಂದು ಮತ್ತೆ ಸ್ಪಷ್ಟಪಡಿಸಿತು. 2021ರಲ್ಲಿ ಬಂದ ಕ್ರೆಡಿಟ್ ಬ್ಯಾಂಕಿನಲ್ಲಿ ಬೇರೆಬೇರೆ ಕಡೆ ಗಳಿಸಿದ ಕ್ರೆಡಿಟ್ಟುಗಳನ್ನು ಕೂಡಿಡಬಹುದು. ನನಗೆ ಅತಿ ದೊಡ್ಡ ಆಸೆ ಹುಟ್ಟಿಸಿರುವುದು ಇದು. ಒಬ್ಬ ಹುಡುಗಿ ಎರಡು ಪತ್ರಿಕೆಯನ್ನು ಕಾಲೇಜಿನಲ್ಲಿ, ಸ್ನೇಹಿತರ ಜೊತೆ ಓದಲಿ. ಉಳಿದ ಮೂರನ್ನು ಮನೆಯಲ್ಲಿ, ತನ್ನ ಹೊತ್ತಿಗೆ ಓದಲಿ. ಕಾಲೇಜಿನಲ್ಲಿ ಒಂದು ನಿಶ್ಶಬ್ದದ ಕೋಣೆ ಇರಲಿ, ವೇಳಾಪಟ್ಟಿ ಬದಲಾದರೆ ಹಿಂದಿನ ದಿನವೇ ಬರೆದು ತಿಳಿಸಲಿ, ಪರೀಕ್ಷೆಯನ್ನು ಟೈಪ್ ಮಾಡಲು ಬಿಡಲಿ. ಆಮೇಲೆ ಅವಳು ಮನೆಯಲ್ಲೇ ಓದುತ್ತೇನೆ ಎಂದರೆ, ಅದು ಅವಳ ಮಾತು.

ನನ್ನ ಮಗನ ಪದವಿ ಪತ್ರ ಸ್ಪೀಡ್‌ಪೋಸ್ಟಿನಲ್ಲಿ ಬಂತು, ಒಂದು ಗುರುವಾರ ಬೆಳಿಗ್ಗೆ. ಪೋಸ್ಟ್‌ಮ್ಯಾನ್ ಚಿಕ್ಕ ವಯಸ್ಸಿನವರು, ಸ್ಕೂಟರಿನಲ್ಲಿ ಬಂದಿದ್ದರು, ಸ್ಕೂಟರಿನ ಮುಂದೆ ಇನ್ನೂ ಕಟ್ಟುಗಟ್ಟಲೆ ಕಾಗದ. ಮೊಬೈಲಿನ ಗಾಜಿನ ಮೇಲೆ ಬೆರಳಲ್ಲಿ ಸಹಿ ಮಾಡಬೇಕಿತ್ತು. ನಾನು ಕೈ ಚಾಚಿದೆ. ಮಗ ಒಳಗಿನಿಂದ ಬಂದು, 'ಹೆಸರು ನನ್ನದು' ಎಂದ.

ಅವನು ಬರೆಯತೊಡಗಿದ. ಎರಡನೇ ಅಕ್ಷರ ಸರಿಬರಲಿಲ್ಲ, ಅಳಿಸಿದ. ಮತ್ತೆ ಮೊದಲಿನಿಂದ. ನನ್ನ ಬಾಯಿಗೆ ಕ್ಷಮಿಸಿ ಎಂಬ ಮಾತು ಬಂದಿತ್ತು, ಇಷ್ಟು ವರ್ಷದ ಅಭ್ಯಾಸ. ಅಷ್ಟರಲ್ಲಿ ಪೋಸ್ಟ್‌ಮ್ಯಾನ್ ಸ್ಕೂಟರಿನ ಇಂಜಿನ್ ಆರಿಸಿ, ಮೊಬೈಲನ್ನು ಎರಡೂ ಕೈಯಲ್ಲಿ ಅಲುಗದ ಹಾಗೆ ಹಿಡಿದುಕೊಂಡರು. ಅವನು ಕೊನೆಯ ಅಕ್ಷರ ಮುಗಿಸಿ ಬೆರಳು ಎತ್ತುವವರೆಗೆ ಹಾಗೇ ನಿಂತಿದ್ದರು.